ಆರನೆಯ ಕಂತಿನ ಕನ್ನಡಕ

ನಮ್ಮ ಊರಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುವವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ಬೇರೆ ಊರುಗಳಲ್ಲಿ ಮನೆ ಮಾಲೀಕರು ಏನು ಊಟ ಮಾಡುತ್ತೀರಿ, ನೀರು ಎಷ್ಟು ಖರ್ಚು ಮಾಡುತ್ತೀರಿ ಎಂದೆಲ್ಲ ವಿಚಾರಿಸುತ್ತಾರಂತೆ. ಇಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ವರ್ಷಕ್ಕೆ ಎಷ್ಟು ಜನರನ್ನ ಸಾಯಿಸ್ತೀರಿ?’ ಒಬ್ಬರು ಎಂದರೆ ಸ್ವಲ್ಪ ಯೋಚನೆ ಮಾಡಿ ಬೀಗದ ಕೈ ಕೊಡುತ್ತಾರೆ. ಇಬ್ಬರಿಗಿಂತ ಹೆಚ್ಚು ಎಂದರೆ, ಆ ಮನೆಗೆ ತಮ್ಮ ತಂಗಿಯ ಸಂಸಾರ ಬರುವುದಿದೆ ಎಂಬುದು ಅವರಿಗೆ ಥಟ್ಟನೆ ನೆನಪಾಗುತ್ತದೆ.

ಕೊಲೆಯ ಕಂತು ಅಚ್ಚಾಗಿ ಗುರುವಾರ ಬೆಳಿಗ್ಗೆ ಅಂಗಡಿಗೆ ಬಂದರೆ, ಹತ್ತು ಗಂಟೆಯೊಳಗೆ ಕೊಲೆಯಾದವರು ಬರೆದವರ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಯಾರು ಕೊಂದರೆಂದು ಅಚ್ಚಾಗಬೇಕು, ಅದನ್ನು ಅವರು ಓದಬೇಕು, ಓದಿ ಒಪ್ಪಬೇಕು. ಆಗ ಎದ್ದು ಹೋಗುತ್ತಾರೆ. ಅಲ್ಲಿಯ ತನಕ ಇರುತ್ತಾರೆ. ಅವರಿಗೆ ಊಟ ಬೇಡ, ಹಾಸಿಗೆ ಬೇಡ. ಸಾಯುವಾಗ ಮೈಮೇಲಿದ್ದದ್ದು, ಕತೆಯಲ್ಲಿ ಆಮೇಲೆ ಎಲ್ಲಿಗೆ ಹೋದರೂ, ಅವರ ಜೊತೆಗೇ ಇರುತ್ತದೆ. ಕಾಫಿಯ ಲೋಟವನ್ನು ಸುಮ್ಮನೆ ಹಿಡಿದುಕೊಳ್ಳಲು ಕೊಟ್ಟರೆ ಸಂತೋಷಪಡುತ್ತಾರೆ, ಆರಿದ ಮೇಲೆ ಹಾಗೇ ವಾಪಸು ಕೊಡುತ್ತಾರೆ. ಸಂಜೆ ಒಂದು ಸುತ್ತು ನಡೆದು ಬರುವುದುಂಟು. ಹೊಸ್ತಿಲು ಮಾತ್ರ ದಾಟುವುದಿಲ್ಲ.

ಇದಕ್ಕೆ ತಕ್ಕ ಹಾಗೆ ನಮ್ಮ ಲೇಖಕರ ಕೈ ಪಳಗಿದೆ. ಇಕ್ಬಾಲ್ ಸಾಹೇಬರದು ಒಂದೇ ಕೋಣೆಯ ಮನೆ, ಜಗಲಿ ಎಂದರೆ ಮೂರು ಅಡಿ. ಹಾಗಾಗಿ ಅವರ ಕಾದಂಬರಿಗಳಲ್ಲಿ ಸಾಯುವವರೆಲ್ಲ ಸಣಕಲು ಮೈಯವರು, ಮಾತು ಕಮ್ಮಿ. ವಿಮರ್ಶಕರು ಅದನ್ನು ಶೈಲಿಯ ಸಂಯಮ ಎಂದು ಹೊಗಳಿದ್ದಾರೆ. ಹಳೇಪೇಟೆಯ ವಾಮನಮೂರ್ತಿಗಳು ಒಮ್ಮೆ ಹುಮ್ಮಸ್ಸಿನಲ್ಲಿ ದೋಣಿಗೆ ತೂತು ಕೊರೆಸಿ ಹದಿನಾಲ್ಕು ಜನರನ್ನು ಒಂದೇ ಕಂತಿನಲ್ಲಿ ಮುಳುಗಿಸಿದರು. ಹದಿನಾಲ್ಕೂ ಜನ ಒದ್ದೆ ಬಟ್ಟೆಯಲ್ಲಿ ಬಂದು ಸಾಲಾಗಿ ಕೂತರು. ಮೂರ್ತಿಗಳ ಹೆಂಡತಿ ಅವತ್ತೇ ತವರಿಗೆ ಹೋದವರು ಕೊಲೆಗಾರ ಸಿಕ್ಕಿದ ಮೇಲೇ ಬಂದದ್ದು. ಸಂಗೀತದ ಮೇಷ್ಟ್ರನ್ನು ಕೊಲ್ಲಕೂಡದು ಎಂಬುದು ಎಲ್ಲ ಬೀದಿಯವರೂ ಸೇರಿ ಮಾಡಿಕೊಂಡ ಒಪ್ಪಂದ. ಮನೆಯ ಹೆಂಗಸರಿಗೆ ಮೆಚ್ಚುಗೆಯಾಗುವುದು ಕೈಕಟ್ಟಿ ಕೂರಲಾರದಂಥವರು. ಕೂತಲ್ಲೇ ಅಕ್ಕಿ ಆರಿಸುತ್ತಾರೆ, ಹೂ ಕಟ್ಟುತ್ತಾರೆ, ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ಕೂಗಿ ನಿಲ್ಲಿಸುತ್ತಾರೆ.

ನಗುವಂಥದ್ದಲ್ಲದ ಸಂಗತಿಯೂ ಒಂದಿದೆ. ಕೆಲವೊಮ್ಮೆ ಬರೆಯುತ್ತಿದ್ದವರೇ ನಡುವೆ ತೀರಿಕೊಳ್ಳುತ್ತಾರೆ. ಕೆಲವೊಮ್ಮೆ ಪತ್ರಿಕೆ ನಿಂತುಹೋಗುತ್ತದೆ. ಇನ್ನು ಕೆಲವೊಮ್ಮೆ, ಹೆಚ್ಚಾಗಿ ಇದೇ, ಕೊನೆಯ ಕಂತು ಓದಿದ ಕೊಲೆಯಾದವರು ತಲೆ ಅಲ್ಲಾಡಿಸಿ ‘ಇದು ಸರಿಯಾಗಲಿಲ್ಲ’ ಎಂದುಬಿಡುತ್ತಾರೆ. ಕತೆ ಮುಗಿದಿರುತ್ತದೆ, ಇವರು ಮುಗಿದಿರುವುದಿಲ್ಲ. ಅಂಥವರು ಆಮೇಲೆ ಪುರಸಭೆಯ ವಾಚನಾಲಯಕ್ಕೆ ಹೋಗಿ ಉದ್ದನೆಯ ಬೆಂಚಿನ ಮೇಲೆ ಕೂರುತ್ತಾರೆ. ಈಗ ಒಂಬತ್ತು ಜನ ಇದ್ದಾರೆ. ಊರಿನವರು ಅವರನ್ನು ‘ಕೂತವರು’ ಎನ್ನುತ್ತಾರೆ. ಮೊದಲು ಅವರಿಗೆ ತಮ್ಮ ಬೀದಿಯ ಹೆಸರು ಮರೆಯುತ್ತದೆ, ಆಮೇಲೆ ಮಕ್ಕಳದ್ದು. ಕೊನೆಗೆ ತಮ್ಮ ಕೊಲೆಯಾಗಿದೆ ಎಂಬುದೂ ಮರೆತು, ಪತ್ರಿಕೆ ಓದಲು ಬಂದವರನ್ನು ‘ನಾನು ಯಾರಿಗೆ ಕಾಯ್ತಾ ಇದೀನಿ, ನಿಮಗೇನಾದ್ರೂ ಗೊತ್ತಾ?’ ಎಂದು ವಿನಯವಾಗಿ ಕೇಳುತ್ತಾರೆ. ನಮ್ಮ ಊರಿನಲ್ಲಿ ಎಲ್ಲವನ್ನೂ ಗೇಲಿ ಮಾಡುತ್ತಾರೆ. ಇವರನ್ನು ಯಾರೂ ಮಾಡುವುದಿಲ್ಲ.

ನಾನು ಈ ಕಂತುಗಳು ಬರುವ ಒಂದು ವಾರಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಹೆಸರು ಸೇತುರಾಮ. ನನ್ನ ಕೆಲಸ ಕಾಗುಣಿತ ನೋಡುವುದಷ್ಟೇ ಎಂದು ಹೊರಗಿನವರು ತಿಳಿಯುತ್ತಾರೆ. ಧಾರಾವಾಹಿಯಲ್ಲಿ ಅದು ಚಿಲ್ಲರೆ ಕೆಲಸ. ಎರಡನೇ ಕಂತಿನಲ್ಲಿ ವಿಧವೆಯಾಗಿದ್ದವಳಿಗೆ ಒಂಬತ್ತನೇ ಕಂತಿನಲ್ಲಿ ಗಂಡ ಕಾಗದ ಬರೆಯುತ್ತಾನೆ. ಕುಂಟುವ ಕಾಲು ಎಡದಿಂದ ಬಲಕ್ಕೆ ಹೋಗುತ್ತದೆ. ಇವನ್ನೆಲ್ಲ ಹಿಡಿಯುವವನು ನಾನು. ಪ್ರತಿ ಧಾರಾವಾಹಿಗೂ ಒಂದು ನೋಟುಬುಕ್ಕು ಇಟ್ಟು, ಯಾರ ಕಣ್ಣು ಯಾವ ಬಣ್ಣ, ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ, ಎಲ್ಲ ಬರೆದುಕೊಳ್ಳುತ್ತೇನೆ. ಅಚ್ಚಾದದ್ದನ್ನು ನಮ್ಮ ಊರಿನಲ್ಲಿ ಬ್ರಹ್ಮ ಬಂದರೂ ಬದಲಾಯಿಸಲಾರ. ಆದ್ದರಿಂದ ಅಚ್ಚಿಗೆ ಮುಂಚಿನ ಒಂದು ದಿನ ನನ್ನದು. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ನಮ್ಮ ಪತ್ರಿಕೆಯ ದೊಡ್ಡ ಹೆಸರು ಶಾಂಭವಿ ಟೀಚರ್. ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದವರು. ನನಗೂ ಹೇಳಿಕೊಟ್ಟಿದ್ದಾರೆ, ಹತ್ತಲಿಲ್ಲ. ನಿವೃತ್ತಿಯಾದ ಮೇಲೆ ಕೊಲೆಗೆ ಇಳಿದರು. ಒಬ್ಬರೇ ಇರುವ ಮನೆ, ಅಗಲವಾದ ಜಗಲಿ, ಹತ್ತು ವರ್ಷದಲ್ಲಿ ಹನ್ನೊಂದು ಜನ ಬಂದು ಕೂತು ಹೋಗಿದ್ದಾರೆ. ಹನ್ನೊಂದೂ ಜನ ಒಪ್ಪಿಯೇ ಹೋದದ್ದು. ಇಂಥ ದಾಖಲೆ ಊರಿನಲ್ಲಿ ಇನ್ನೊಬ್ಬರಿಗಿಲ್ಲ. ಅವರ ಪದ್ಧತಿಯೇ ಬೇರೆ. ಪ್ರಮೇಯದ ಹಾಗೆ, ಸಾಧಿಸಬೇಕಾದದ್ದು ಏನೆಂದು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಅಂದರೆ ಕೊನೆಯ ಕಂತನ್ನು ಎಲ್ಲಕ್ಕಿಂತ ಮೊದಲು ಬರೆದು, ಮಡಿಸಿ, ಟ್ರಂಕಿನಲ್ಲಿ ಬೀಗ ಹಾಕಿಡುತ್ತಾರೆ. ಅದರಲ್ಲಿ ಒಂದಕ್ಷರ ಆಮೇಲೆ ಬದಲಾಗುವುದಿಲ್ಲ. ಉಳಿದ ಕಂತುಗಳನ್ನು ವಾರವಾರ ಬರೆಯುತ್ತಾರೆ. ಅಚ್ಚಾದ ತಮ್ಮ ಬರಹವನ್ನು ಓದುವುದಿಲ್ಲ. ‘ತಿದ್ದಿ ಕೊಟ್ಟ ಉತ್ತರಪತ್ರಿಕೆಯನ್ನ ಇನ್ನೊಂದು ಸಲ ಯಾರೋ ಓದ್ತಾರೆ?’ ಎನ್ನುತ್ತಾರೆ.

ಅವರ ಹನ್ನೆರಡನೆಯವರು ಕೊಟ್ರಬಸಪ್ಪ. ಸೋಡಾ ಫ್ಯಾಕ್ಟರಿ ಮಾಲೀಕರು, ಅರವತ್ತರ ಹತ್ತಿರ, ಭಾರಿ ಆಳು, ಖಾದಿ ಅಂಗಿ. ಮೊದಲನೇ ಕಂತಿನಲ್ಲೇ, ಮಧ್ಯಾಹ್ನ ಎರಡೂವರೆ ಗಂಟೆಗೆ, ಫ್ಯಾಕ್ಟರಿಯ ತಮ್ಮ ಕೋಣೆಯಲ್ಲಿ, ಉಪ್ಪು ಹಾಕಿದ ನಿಂಬೆ ಸೋಡಾ ಕುಡಿದು ಆರಾಮ ಕುರ್ಚಿಯಲ್ಲೇ ತೀರಿಕೊಂಡರು. ಲೋಟದಲ್ಲಿ ವಿಷವಿತ್ತು. ಆ ಕಂತು ಬಂದ ಗುರುವಾರ ಹತ್ತು ಗಂಟೆಗೆ ಟೀಚರ ಜಗಲಿಗೆ ಬಂದು, ಕುರ್ಚಿ ಸಾಲದೆಂದು ಕಂಬಕ್ಕೆ ಒರಗಿ ಕೂತರು. ನಾನು ಪ್ರತಿ ಗುರುವಾರ ಹೊಸ ಸಂಚಿಕೆ ಕೊಡಲು ಹೋಗುತ್ತಿದ್ದೆ. ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೆರಳಿಟ್ಟು ಓದುತ್ತಿದ್ದರು.

‘ಏನ್ ಸೇತುರಾಮಪ್ಪ, ಈ ವಾರ ನಂದು ಎಷ್ಟು ಪುಟ?’

‘ಮೂರು.’

‘ಹೋದ ವಾರ ಮೂರೂವರೆ ಇತ್ತು. ನಡುವೆ ಹಲ್ಲಿನ ಪುಡಿ ಜಾಹೀರಾತು ಬೇರೆ. ಸತ್ತೋನ ಬೆಲೆ ಇಷ್ಟೇ ನೋಡು.’

ಮಾತು ಹಾಸ್ಯದ್ದಾದರೂ ಕಣ್ಣು ಪುಟದ ಮೇಲೇ ಇರುತ್ತಿತ್ತು. ಅನುಮಾನವಿದ್ದದ್ದು ಮೂವರ ಮೇಲೆ: ಹೆಂಡತಿಯ ತಮ್ಮ, ಎದುರಾಳಿ ಸೋಡಾ ಕಂಪನಿಯವನು, ಮತ್ತು ಮೂವತ್ತು ವರ್ಷದಿಂದ ಫ್ಯಾಕ್ಟರಿ ನೋಡಿಕೊಳ್ಳುತ್ತಿದ್ದ ಪರಮೇಶಿ. ಪರಮೇಶಿಯ ಹೆಸರು ಬಂದಾಗಲೆಲ್ಲ ಕೊಟ್ರಬಸಪ್ಪ ನಗುತ್ತಿದ್ದರು. ‘ಇವನನ್ಯಾಕೆ ಎಳೆದು ತಂದಿದಾರೆ ಟೀಚರು, ಪುಟ ತುಂಬಕ್ಕಾ?’ ಓದಿ ಮುಗಿಸಿದ ಮೇಲೆ, ಸಂಚಿಕೆ ಎದೆಯ ಮೇಲೆ ಬಿದ್ದಿರುವಂತೆಯೇ ತೂಕಡಿಸುತ್ತಿದ್ದರು. ಒಂದು ಸಂಜೆ ಅವರು ವಾಚನಾಲಯದ ಕಡೆ ನಡೆದುಹೋಗಿ ಬಂದಿದ್ದರು. ಮಾರನೆಯ ಗುರುವಾರ ಹಾಸ್ಯ ಇರಲಿಲ್ಲ. ‘ಅಲ್ಲೊಬ್ಬ ಬಟ್ಟೆ ವ್ಯಾಪಾರಿ ಇದಾನೆ,’ ಎಂದರು. ‘ನನ್ನ ಕೈ ಹಿಡ್ಕೊಂಡು, ನೀವು ನಮ್ಮಣ್ಣನಾ ಅಂದ. ನಾನು ಅಲ್ಲಿ ಹೋಗಿ ಕೂರಲ್ಲ ಸೇತುರಾಮಪ್ಪ. ಯಾರು ಮಾಡಿದ್ರೂ ಸರಿ, ಹೆಸರು ಗೊತ್ತಾಗಬೇಕು. ಗೊತ್ತಾಗಿ, ನನಗೆ ಹೌದು ಅನ್ನಿಸಬೇಕು.’

ಇನ್ನು ನನ್ನ ಕತೆ. ಆರನೇ ಕಂತಿನ ಕರಡು ನೋಡುವಾಗ ಒಂದು ದೊಡ್ಡ ತಪ್ಪು ಸಿಕ್ಕಿತು. ಮೂರನೇ ಕಂತಿನಲ್ಲಿ, ಇನ್‌ಸ್ಪೆಕ್ಟರು ಹೆಣದ ಅಂಗಿಯ ಜೇಬಿನಿಂದ ಮಡಿಸಿದ ಕನ್ನಡಕವನ್ನು ತೆಗೆದು, ಯಾರಿಗೂ ಹೇಳದೆ ತಮ್ಮ ಮೇಜಿನ ಖಾನೆಯಲ್ಲಿಟ್ಟರು ಎಂದಿತ್ತು. ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ: ‘ಕನ್ನಡಕ – ಜೇಬಿನಲ್ಲಿ, ಮಡಿಸಿದ್ದು.’ ಆರನೆಯದರಲ್ಲಿ ಪರಮೇಶಿ ಇನ್‌ಸ್ಪೆಕ್ಟರ ಮುಂದೆ ಅಳುತ್ತ ಹೇಳುತ್ತಾನೆ: ‘ನಾನು ಬರೋ ಹೊತ್ತಿಗೆ ಧಣೀನ ಆಸ್ಪತ್ರೆಗೆ ತಗೊಂಡು ಹೋಗಿಬಿಟ್ಟಿದ್ರು ಸಾರ್, ಮುಖಾನೂ ನೋಡಲಿಲ್ಲ. ಕನ್ನಡಕ ಹಾಕ್ಕೊಂಡು ಪೇಪರ್ ಓದ್ತಾ ಓದ್ತಾನೇ ಹೋಗಿಬಿಟ್ರು.’ ಜೇಬಿನಲ್ಲಿರುವ ಕನ್ನಡಕ ಮೂಗಿನ ಮೇಲೆ ಹೇಗೆ ಬಂತು? ಟೀಚರಿಗೂ ವಯಸ್ಸಾಯಿತು ಎಂದುಕೊಂಡೆ. ಕೆಂಪು ಶಾಯಿಯಲ್ಲಿ ಹೊಡೆದು, ‘ಕನ್ನಡಕ ಮಡಿಸಿ ಜೇಬಲ್ಲಿ ಇಟ್ಕೊಂಡು ಹೋಗಿಬಿಟ್ರು’ ಎಂದು ತಿದ್ದಿದೆ. ಸಂಜೆ ಮೂಲೆ ಕ್ಯಾಂಟೀನಿನಲ್ಲಿ ಇಕ್ಬಾಲ್ ಸಾಹೇಬರಿಗೆ, ಟೀಚರ ಮರ್ಯಾದೆ ನಾನು ಉಳಿಸಿದೆ ಎಂದು ಹೇಳಿಕೊಂಡೆ ಕೂಡ. ಅವರು ಬೋಂಡಾ ಮುರಿಯುತ್ತ, ‘ಕೇಳಿ ತಿದ್ದಿದ್ಯೇನಪ್ಪಾ?’ ಎಂದರು. ಇಂಥದ್ದಕ್ಕೆಲ್ಲ ಕೇಳುವುದೇನು ಎಂದೆ.

ಮೂವತ್ತನಾಲ್ಕನೆಯ ವಾರ, ಮಂಗಳವಾರ ಬೆಳಿಗ್ಗೆ, ಟ್ರಂಕಿನಲ್ಲಿದ್ದ ಕೊನೆಯ ಕಂತು ಮೊಳೆ ಜೋಡಿಸಿ ತೆಗೆದ ಕರಡಾಗಿ ನನ್ನ ಮೇಜಿಗೆ ಬಂತು. ಓದುತ್ತ ಓದುತ್ತ ಎರಡನೇ ಪುಟದಲ್ಲಿ ಪೆನ್ನು ಕೆಳಗಿಟ್ಟೆ. ಇನ್‌ಸ್ಪೆಕ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತಿದ್ದರು: ‘ಪರಮೇಶಿ, ನೀನು ಹೆಣವನ್ನೇ ನೋಡಿಲ್ಲ ಅಂದೆ. ಆದರೆ ನಿನ್ನ ಧಣಿ ಕನ್ನಡಕ ಹಾಕಿಕೊಂಡು ಕೂತದ್ದು ನಿನ್ನ ಕಣ್ಣಲ್ಲಿ ಉಳಿದಿತ್ತು. ಲೋಟ ಕೊಟ್ಟು, ಅವರು ಕುಡಿದದ್ದು ನೋಡಿ, ಹಿಂಬಾಗಿಲಿನಿಂದ ಓಡಿಹೋದೆ. ತಲೆ ಸುತ್ತಿ ಬಂದಾಗ ಅವರು ಕನ್ನಡಕ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡದ್ದು ನಿನಗೆ ಗೊತ್ತಾಗಲೇ ಇಲ್ಲ.’ ಇಡೀ ಕಾದಂಬರಿ ನಿಂತಿದ್ದದ್ದು ಆರನೇ ಕಂತಿನಲ್ಲಿ ಪರಮೇಶಿ ಆಡುವ ಆ ಒಂದು ವಾಕ್ಯದ ಮೇಲೆ. ಅದು ಅಚ್ಚಾಗಿಯೇ ಇರಲಿಲ್ಲ. ಅದನ್ನು ಕೊಂದವನು ನಾನು.

ಸಂಪಾದಕರ ಬಳಿ ಹೋಗಿ, ಒಂದು ತಿದ್ದುಪಡಿ ಹಾಕೋಣವೇ ಎಂದೆ. ‘ಕೊನೇ ಕಂತಿನ ಪಕ್ಕದಲ್ಲಿ, ಆರನೇ ಕಂತಿನಲ್ಲಿ ಹೀಗಿರಬೇಕಿತ್ತು ಅಂತ ಹಾಕೋದಾ?’ ಎಂದರು ಅವರು. ‘ವಾಮನಮೂರ್ತಿ ಒಂದ್ಸಲ ಹಾಕಿಸಿದ್ದು ನೆನಪಿದೆಯಲ್ಲ. ಅದನ್ನ ಒಪ್ಪದ ಅವರ ನರ್ಸಮ್ಮ ಇವತ್ತಿಗೂ ಬೆಂಚಿನ ಮೇಲಿದಾಳೆ. ನಾಳೆ ಹನ್ನೆರಡು ಗಂಟೆಗೆ ಮಿಷನ್ ಓಡುತ್ತೆ ಸೇತುರಾಮ. ಅಷ್ಟರೊಳಗೆ ಏನಾದ್ರೂ ಮಾಡ್ಕೊಳ್ಳಿ, ನೀವೂ ನಿಮ್ಮ ಟೀಚರೂ.’

ನಮ್ಮ ಊರಿನ ಲೇಖಕರಲ್ಲಿ ಒಂದು ಶಿಸ್ತಿದೆ. ಕೊಲೆಯ ವಿಚಾರ ಮನೆಯಲ್ಲಿ ಆಡುವುದಿಲ್ಲ. ಜಗಲಿಯಲ್ಲಿ ಕೂತವರ ಕಿವಿಗೆ ಬೀಳಬಾರದು. ಅದಕ್ಕೇ ಮೂಲೆ ಕ್ಯಾಂಟೀನಿನಲ್ಲಿ ಯಾವ ಹೊತ್ತಿಗೆ ಹೋದರೂ ಯಾವುದೋ ಮೇಜಿನಲ್ಲಿ ವಿಷದ ಪ್ರಮಾಣ ಚರ್ಚೆಯಾಗುತ್ತಿರುತ್ತದೆ. ನಾನು ಟೀಚರ ಮನೆಗೆ ಹೋಗಿ ಅವರನ್ನು ಅಲ್ಲಿಗೆ ಕರೆದೆ.

‘ಮಂಡಿ ನೋವು. ಇಲ್ಲೇ ಹೇಳು, ಮೆಲ್ಲಗೆ,’ ಎಂದರು. ಹುರುಳಿಕಾಯಿ ಸೋಸುತ್ತ ಕೂತಿದ್ದರು.

ಮೆಲ್ಲಗೇ ಹೇಳಿದೆ. ಅವರು ಸೋಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, ‘ನೀನು ಒಂಬತ್ತನೇ ಕ್ಲಾಸಿನಲ್ಲಿ ಏನು ಮಾಡಿದ್ದೆ, ನೆನಪಿದೆಯಾ?’ ಎಂದರು.

‘ಇಲ್ಲ ಟೀಚರ್.’

‘ತ್ರಿಕೋನದ ಮೂರು ಕೋನ ಕೂಡಿದ್ರೆ ನೂರ ಎಪ್ಪತ್ತೆಂಟು ಬಂದಿತ್ತು. ತಪ್ಪು ಎಲ್ಲಿದೆ ಅಂತ ನೋಡೋದು ಬಿಟ್ಟು, ಒಂದು ಕೋನಕ್ಕೆ ಎರಡು ಡಿಗ್ರಿ ಸೇರಿಸಿ ತಂದಿದ್ದೆ. ಅದೇ ಹುಡುಗ ನೀನು. ಕೂದಲು ಬೆಳ್ಳಗಾಗಿದೆ, ಅಷ್ಟೇ ವ್ಯತ್ಯಾಸ.’

‘ಮನುಷ್ಯ ಬಾಯ್ತಪ್ಪಿ ಆಡಿದ ಮಾತು ಅಂತ ನನಗೆ ಹೊಳೀಲಿಲ್ಲ ಟೀಚರ್. ನೀವು ತಪ್ಪಿದೀರಿ ಅಂದ್ಕೊಂಡೆ.’

‘ನಾನು ತಪ್ಪೋದು ನೋಡಿ ಸಂತೋಷ ಆಯ್ತು, ಅಲ್ಲವಾ?’

ನಿಜಕ್ಕೂ ಆಗಿತ್ತು.

‘ಪರಮೇಶಿ ಕನ್ನಡಕ ಹಾಕ್ಕೊಂಡಿದ್ರು ಅನ್ನೋ ಮಾತೇ ಆಡದಿದ್ರೆ ಅವನ ಮೇಲೆ ಏನೂ ಇಲ್ಲ,’ ಎಂದು ಅವರು ಗೊಣಗಿದರು. ‘ಅವನೇ ಮಾಡಿದ್ದು. ಸಾಧಿಸೋಕೆ ಏನೂ ಇಲ್ಲ.’

‘ಪರಮೇಶಿ ಏನು ಮಾಡಿದ?’ ಎಂಬ ದನಿ ಬಾಗಿಲಿನಿಂದ ಬಂತು.

ಗೋಲಿ ಬಾಟಲಿಯಲ್ಲಿ ಗೋಲಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೂವತ್ತು ವರ್ಷ ಸದ್ದಿನಿಂದಲೇ ಹೇಳಿದ ಕಿವಿ ಅದು ಎಂಬುದನ್ನು ನಾನು ಮರೆತಿದ್ದೆ. ಕೊಟ್ರಬಸಪ್ಪ ಹೊಸ್ತಿಲಿನ ಆಚೆ ನಿಂತು, ಚೌಕಟ್ಟಿನ ಎರಡೂ ಕಡೆ ಕೈಯಿಟ್ಟು, ಒಳಕ್ಕೆ ಬಗ್ಗಿದ್ದರು. ಟೀಚರು ನನ್ನ ಕಡೆ ನೋಡಿದರು. ಆಮೇಲೆ ಈಳಿಗೆಮಣೆ ಪಕ್ಕಕ್ಕೆ ಸರಿಸಿ, ‘ಹೇಳಿಬಿಡ್ತೀನಿ. ನಾಳೆ ಅಚ್ಚಾದ ಮೇಲೆ ಒಲ್ಲೆ ಅನ್ನೋ ಬದಲು ಇವತ್ತೇ ಅನ್ನಿ,’ ಎಂದರು. ಹೇಳಿದರು: ಲೋಟ, ಹಿಂಬಾಗಿಲು, ಓಟ, ಎಲ್ಲ.

ಕೊಟ್ರಬಸಪ್ಪ ಚೌಕಟ್ಟಿನಿಂದ ಕೈ ತೆಗೆದು, ‘ಸುಳ್ಳು’ ಎಂದರು.

‘ಯಾವುದು ಸುಳ್ಳು?’

‘ನಾನು ಕನ್ನಡಕ ಮಡಿಸಿ ಜೇಬಿಗೆ ಹಾಕ್ಕೊಂಡೆ ಅಂತೀರಲ್ಲ. ಹುಟ್ಟಿದಾಗಿಂದ ನಾನು ಒಂದು ಕನ್ನಡಕ ಮಡಿಸಿದ್ದೀನಾ? ಕೇಳಿ ಇವನ್ನ, ವಾರವಾರ ನೋಡ್ತಾನೆ.’

ನಿಜವಾಗಿತ್ತು. ಗುರುವಾರ ಜಗಲಿಯಲ್ಲಿ ಅವರು ತೂಕಡಿಸುವಾಗ ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಎದ್ದಮೇಲೆ ಅದನ್ನು ಹಾಗೇ ಜೇಬಿಗೆ ತುರುಕುತ್ತಿದ್ದರು, ಕಡ್ಡಿಗಳು ಹೊರಗೆ ಚಾಚಿಕೊಂಡಿರುತ್ತಿದ್ದವು. ನನ್ನ ನೋಟುಬುಕ್ಕಿನಲ್ಲಿ ಅದು ಇರಲಿಲ್ಲ. ಕತೆಯಲ್ಲಿ ಬಂದದ್ದನ್ನಷ್ಟೇ ನಾನು ಬರೆದುಕೊಳ್ಳುವುದು. ಬರೆಯದೇ ಉಳಿದ ಬದುಕೂ ಜಗಲಿಯವರಿಗೆ ಹೇಗೆ ನೆನಪಿರುತ್ತದೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

‘ಮತ್ತೆ ಯಾರು ಮಡಿಸ್ತಿದ್ರು?’ ಎಂದು ಟೀಚರು ಕೇಳಿದರು. ದನಿ ಬದಲಾಗಿತ್ತು. ಕ್ಲಾಸಿನಲ್ಲಿ ಯಾರೋ ಸರಿಯಾದ ಕಡೆ ಗೆರೆ ಎಳೆಯಲು ಹೊರಟಾಗ ಬರುತ್ತಿದ್ದ ದನಿ.

‘ಅವನೇ. ಊಟ ಆದಮೇಲೆ ನಾನು ಕುರ್ಚೀಲಿ ಹಂಗೇ ಒರಗ್ತಿದ್ದೆ. ಕಡ್ಡಿ ಮುರೀತದೆ ಅಂತ ಅವನು ಬಂದು ಮೆಲ್ಲಗೆ ತೆಗೆದು, ಮಡಿಸಿ, ಜೇಬಲ್ಲಿ ಇಡ್ತಿದ್ದ. ಮೂವತ್ತು ವರ್ಷ. ನನ್ನ ಹೆಂಡ್ತಿ ಕೂಡ ಮಾಡಿಲ್ಲ ಅದನ್ನ.’ ತಾವು ಆಡಿದ್ದು ಅವರಿಗೇ ಆಗ ಕೇಳಿಸಿದಂತಿತ್ತು.

ನಾನು ಚೀಲದಿಂದ ಆರನೇ ಕಂತು ತೆಗೆದು, ನಾನು ತಿದ್ದಿದ್ದ ಸಾಲನ್ನು ಓದಿದೆ. ನೋಡಿಯೇ ಇಲ್ಲ ಎನ್ನುವ ಪರಮೇಶಿ ಹೇಳುತ್ತಾನೆ: ಕನ್ನಡಕ ಮಡಿಸಿ ಜೇಬಲ್ಲಿ ಇಟ್ಕೊಂಡು ಹೋಗಿಬಿಟ್ರು. ಆ ಕನ್ನಡಕ ಇನ್‌ಸ್ಪೆಕ್ಟರ ಖಾನೆಯಲ್ಲಿತ್ತು. ಜೇಬಿನಲ್ಲಿದ್ದ ಸಂಗತಿ ಅವರೊಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇಟ್ಟವನೊಬ್ಬನನ್ನು ಬಿಟ್ಟು.

‘ಅವನು ಓಡಿಹೋಗಲಿಲ್ಲ,’ ಎಂದರು ಟೀಚರು, ನಿಧಾನವಾಗಿ. ‘ಅಲ್ಲೇ ನಿಂತಿದ್ದ. ಮುಗಿಯೋ ತನಕ.’

ಕೊಟ್ರಬಸಪ್ಪ ಹೊಸ್ತಿಲಿನ ಆಚೆ ನೆಲದ ಮೇಲೆ ಕೂತುಬಿಟ್ಟರು. ‘ಹಂಗಾದ್ರೆ ಅವನೇ,’ ಎಂದರು. ‘ವಿಷ ಹಾಕಿದ ಅಂದ್ರೆ ಸತ್ತರೂ ನಂಬ್ತಿರಲಿಲ್ಲ. ಕನ್ನಡಕ ತೆಗೆದಿಟ್ಟ ಅಂದ್ರೆ ಅವನೇ.’

ಸತ್ತೇ ಏಳೆಂಟು ತಿಂಗಳಾಗಿತ್ತು ಎಂದು ಆ ಹೊತ್ತಿನಲ್ಲಿ ಯಾರೂ ನೆನಪಿಸಲಿಲ್ಲ.

‘ಯಾಕೆ ಅಂತಾದ್ರೂ ಹೇಳಿ ಟೀಚರೆ. ನಾನು ಅವನಿಗೆ ಏನು ಕಡಿಮೆ ಮಾಡಿದ್ದೆ?’

‘ಶುಂಠಿ ಸೋಡಾ ಯಾರು ಕಂಡುಹಿಡಿದದ್ದು?’

‘ಅವನೇ. ಅದರಿಂದಾನೇ ಫ್ಯಾಕ್ಟರಿ ನಿಂತಿದ್ದು. ಊರಿಗೆಲ್ಲ ಗೊತ್ತು.’

‘ಬಾಟ್ಲಿ ಮೇಲೆ ಯಾರ ಹೆಸರಿತ್ತು?’

‘ನಂದು. ಫ್ಯಾಕ್ಟರಿ ನಂದಲ್ವಾ? ಅಷ್ಟಕ್ಕಾ? ಒಂದು ಮಾತು ಬಾಯಿಬಿಟ್ಟು ಕೇಳಿದ್ರೆ ಕೆಳಗೆ ಅವನದ್ದೂ ಹಾಕಿಸ್ತಿದ್ದೆ.’

‘ಕೇಳಿದ್ದ,’ ಎಂದರು ಟೀಚರು. ‘ನಾಲ್ಕನೇ ಕಂತು, ಹಳೇ ಕತೆ ಬರೋ ಕಡೆ. ಸಣ್ಣಕ್ಷರದಲ್ಲಾದ್ರೂ ಇರಲಿ ಧಣಿ ಅಂದ. ನೀವು ನಕ್ಕಿರಿ.’

ನೋಟುಬುಕ್ಕು ನನ್ನ ಚೀಲದಲ್ಲಿತ್ತು. ತೆರೆದು ನೋಡುವ ಅಗತ್ಯ ಬೀಳಲಿಲ್ಲ. ಕೊಟ್ರಬಸಪ್ಪ ಎದ್ದು, ಜಗಲಿಯ ಕಂಬದ ಹತ್ತಿರ ಹೋಗಿ, ಬೀದಿಯ ಕಡೆ ಮುಖ ಮಾಡಿ ಕೂತರು.

ಟೀಚರು ಹತ್ತು ವರ್ಷದಲ್ಲಿ ಮೊದಲ ಸಲ, ನಾನು ವಾಪಸು ತಂದಿದ್ದ ಟ್ರಂಕಿನ ಕಂತನ್ನು ಹರಿದರು. ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಬರೆದರು, ಬೆಳಿಗ್ಗೆ ಮತ್ತೆ ಬರೆದರು. ನಾನು ಎದುರಿಗೆ ಕೂತು ಹಾಳೆ ಹಾಳೆಯಾಗಿ ಇಸಕೊಂಡೆ. ನಡುನಡುವೆ ಅವರು ಕೂಗುತ್ತಿದ್ದರು: ‘ಸಾಹುಕಾರ್ರೇ, ಯಾವ ಕೈಯಲ್ಲಿ ತೆಗೀತಿದ್ದ?’ ಜಗಲಿಯಿಂದ ಉತ್ತರ ಬರುತ್ತಿತ್ತು: ‘ಎರಡೂ ಕೈಯಲ್ಲಿ. ಒಂದ್ಕಡೆ ಎಳೆದ್ರೆ ಕಿವಿ ಹತ್ರ ನೋಯುತ್ತೆ ಅಂತ.’ ಇನ್ನೊಮ್ಮೆ: ‘ಆಮೇಲೆ ಏನಾದ್ರೂ ಅಂತಿದ್ನಾ?’ ‘ಮಲಕ್ಕೊಳ್ಳಿ ಧಣಿ ಅಂತಿದ್ದ.’ ಟೀಚರು ಅದನ್ನು ಬರೆದುಕೊಂಡರು. ನಾನು ಒಂದು ಕಡೆ, ಎರಡು ಸಾಲಿನ ನಡುವೆ ಯಾವುದೋ ಹೊಂದುತ್ತಿಲ್ಲ ಎನಿಸಿ, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ‘ಇದು ಹೀಗೇ ಇರಬೇಕಾ ಟೀಚರ್?’ ಎಂದು ಕೇಳಿದೆ. ‘ಹೀಗೇ ಇರಬೇಕು,’ ಎಂದರು, ತಲೆ ಎತ್ತದೆ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಹಾಳೆಯೂ ಮುದ್ರಣಕ್ಕೆ ಹೋಯಿತು.

ಗುರುವಾರ ಬೆಳಿಗ್ಗೆ ನಾನು ಸಂಚಿಕೆ ಹಿಡಿದು ಹೋದಾಗ ಬೀದಿಯಲ್ಲಿ ಆಗಲೇ ಜನ. ಕೊನೆಯ ಕಂತಿನ ದಿನ ಅಕ್ಕಪಕ್ಕದವರು ಏನೋ ಕೆಲಸವಿದ್ದ ಹಾಗೆ ಹೊರಗೆ ಬಂದು ನಿಲ್ಲುವುದು ವಾಡಿಕೆ. ಇಕ್ಬಾಲ್ ಸಾಹೇಬರು ಎದುರು ಅಂಗಡಿಯಲ್ಲಿ ಅರ್ಧ ಗಂಟೆಯಿಂದ ಒಂದು ಬೆಂಕಿಪೊಟ್ಟಣ ಕೊಳ್ಳುತ್ತಿದ್ದರು. ಟೀಚರು ಒಳಗೆ ಕೂತಿದ್ದರು, ಬಾಗಿಲಿಗೆ ಬೆನ್ನು ಮಾಡಿ. ಹನ್ನೊಂದು ಸಲವೂ ಹಾಗೇ ಕೂತಿದ್ದರಂತೆ.

ಕೊಟ್ರಬಸಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದು ಸಾಲನ್ನೂ ಬಿಡದೆ ಓದಿದರು. ಪರಮೇಶಿ ಒಪ್ಪಿಕೊಳ್ಳುವ ಕಡೆ ಬೆರಳು ನಿಂತು, ಮತ್ತೆ ಹೊರಟಿತು. ಮುಗಿಸಿ, ಸಂಚಿಕೆಯನ್ನು ಮಂಡಿಯ ಮೇಲಿಟ್ಟುಕೊಂಡು, ‘ಹೌದು. ಹಿಂಗೇ,’ ಎಂದರು. ಎದುರು ಅಂಗಡಿಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದರು. ಒಳಗೆ ಟೀಚರ ಭುಜ ಸಡಿಲವಾಯಿತು.

ಒಪ್ಪಿದವರು ಆಮೇಲೆ ಒಂದು ನಿಮಿಷವೂ ಇರುವುದಿಲ್ಲ. ಇವರು ಎದ್ದು, ಅಂಗಿ ಸರಿಮಾಡಿಕೊಂಡು, ಮೆಟ್ಟಿಲು ಇಳಿದು, ಮತ್ತೆ ಹತ್ತಿ, ನನ್ನ ಹತ್ತಿರ ಬಂದರು. ಟೀಚರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದರು.

‘ತಿದ್ದೋದು ನೀನೇ ಅಲ್ವಾ ಸೇತುರಾಮಪ್ಪ?’

‘ಹೌದು.’

‘ನಾಲ್ಕನೇ ಕಂತಲ್ಲಿ ನಾನು ನಕ್ಕೆ ಅಂತ ಇದೆಯಲ್ಲ. ಆ ಒಂದು ಪದ.’

ಮುಂದೆ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ನಾನು ಏನು ಹೇಳಬೇಕಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಪದ ಹೊಡೆದುಹಾಕಿದ್ದೇನೆ, ಹೊಡೆದುಹಾಕು ಎಂದು ಯಾರೂ ಕೇಳಿಕೊಂಡಿರಲಿಲ್ಲ.

‘ಅಚ್ಚಾಗಿಬಿಟ್ಟಿದೆ ಸಾಹುಕಾರ್ರೇ,’ ಎಂದೆ.

‘ಗೊತ್ತು,’ ಎಂದರು ಕೊಟ್ರಬಸಪ್ಪ. ‘ಸುಮ್ನೆ ಕೇಳಿದೆ.’

ಆಮೇಲೆ ಮೆಟ್ಟಿಲು ಇಳಿದು ಹೋದರು.